ನೀರಿಗೆ ದಾರಿ ಬಿಡಿ

(ಚಾರಣಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಬೆಟ್ಟ ಹತ್ತಿದವರು ಎಷ್ಟು ಜನ, ಕೈ ಎತ್ತಿ ನೋಡೋಣ. ಸರಿ, ಹೆಚ್ಚುಕಡಿಮೆ ಎಲ್ಲರೂ. ಹತ್ತುವಾಗ ಕಾಲ ಕೆಳಗಿನ ಹಾದಿಯನ್ನು ಯಾರು ಮಾಡಿರಬಹುದು ಅಂತ ಯೋಚಿಸಿದವರು? ನಾಲ್ಕೈದು ಕೈ ಕಾಣುತ್ತಿವೆ. ನಾನೂ ಬಹಳ ವರ್ಷ ಯೋಚಿಸಿದವನಲ್ಲ. ಜನ ನಡೆದೂ ನಡೆದೂ ತಾನಾಗಿ ಆದದ್ದು ಅಂದುಕೊಂಡಿದ್ದೆ. ಹಾಗೆ ಆದ ಹಾದಿಗಳೂ ಇವೆ. ಮೊದಲು ಹಾಳಾಗುವುದೂ ಅವೇ.

ಮೊದಲ ಸಲ ಶ್ರಮದಾನಕ್ಕೆ ಹೋದ ದಿನ ನನ್ನ ತಲೆಯಲ್ಲಿ ಬೇರೆಯದೇ ಚಿತ್ರ ಇತ್ತು. ಪೊದೆ ಸವರಿ, ಹೊಸ ದಾರಿ ತೆರೆದು, ಸಂಜೆಯೊಳಗೆ ಅರ್ಧ ಕಿಲೋಮೀಟರ್ ಮುಗಿಸಿ ಫೋಟೊ ತೆಗೆಸಿಕೊಂಡು ಬರುತ್ತೇವೆ ಅಂತ. ನಮ್ಮ ತಂಡ ನಡೆಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಒಂದು ಕಲ್ಲಿನ ಮುಂದೆ ನಿಲ್ಲಿಸಿ, "ನಿಮಗೆ ಇವತ್ತು ಇದು" ಅಂದರು. ಅಷ್ಟೇ. ಆ ಕಲ್ಲನ್ನು ಇಪ್ಪತ್ತು ಮೀಟರ್ ಆಚೆ ಒಯ್ದು ಮೆಟ್ಟಿಲಾಗಿ ಕೂರಿಸಬೇಕು.

ಹಾರೆಕೋಲು ಹಾಕಿ ಮೀಟಿ, ಒಂದೊಂದು ಮಗ್ಗುಲಾಗಿ ಹೊರಳಿಸಿ ಒಯ್ಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಗುಂಡಿ ತೋಡಿ ಇಳಿಸಿದೆವು. ನೋಡಲು ಚೆನ್ನಾಗಿಯೇ ಕೂತಿತ್ತು. ಆಕೆ ಬಂದರು, ಕಲ್ಲಿನ ಮೇಲೆ ಹತ್ತಿ ನಿಂತು ಎರಡು ಸಲ ಕುಣಿದರು. ಒಂದು ಮೂಲೆ ಕೂದಲೆಳೆಯಷ್ಟು ಅಲುಗಿತು. "ತೆಗೆಯಿರಿ" ಅಂದರು. ತೆಗೆದೆವು. ಗುಂಡಿಯ ತಳ ಸರಿಮಾಡಿ ಮತ್ತೆ ಇಳಿಸಿದೆವು. ಮತ್ತೆ ಕುಣಿದರು, ಮತ್ತೆ ತೆಗೆಸಿದರು. ಮೂರನೆಯ ಸಲ ಕಲ್ಲಿನ ಮುಕ್ಕಾಲು ಪಾಲು ನೆಲದೊಳಗೆ ಹೋಗಿತ್ತು, ಸುತ್ತ ಸಣ್ಣ ಕಲ್ಲು ಜಡಿದಿದ್ದೆವು, ಅಲುಗಲಿಲ್ಲ. ಇಡೀ ದಿನಕ್ಕೆ ನಾಲ್ಕು ಜನ ಸೇರಿ ಹಾಕಿದ್ದು ಒಂದು ಮೆಟ್ಟಿಲು! ನನಗೆ ಒಳಗೊಳಗೇ ಸಿಟ್ಟು ಬಂದಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಮನೆಗೆ ಹೋಗುವಾಗ ಆಕೆಯನ್ನು ಕೇಳಿದೆ, ಇಷ್ಟೊಂದು ಯಾಕೆ ಅಂತ. ಅಲುಗುವ ಕಲ್ಲಿನ ಮೇಲೆ ಜನ ಕಾಲಿಡುವುದಿಲ್ಲ, ಪಕ್ಕದ ಮಣ್ಣಿನ ಮೇಲೆ ಇಡುತ್ತಾರೆ, ಆ ಮಣ್ಣು ಸವೆದ ಕಡೆ ನೀರು ಹೊಕ್ಕುತ್ತದೆ, ನೀರು ಹೊಕ್ಕರೆ ಕಲ್ಲೂ ಹೋಯಿತು ಹಾದಿಯೂ ಹೋಯಿತು ಅಂದರು. ಆಮೇಲೆ ಎಷ್ಟು ವರ್ಷ ಈ ಕೆಲಸ ಮಾಡಿದರೂ ಯಾವ ಪ್ರಶ್ನೆ ಕೇಳಿದರೂ ಉತ್ತರ ಕೊನೆಗೆ ನೀರಿಗೇ ಬಂದು ನಿಲ್ಲುವುದನ್ನು ನೋಡಿದ್ದೇನೆ.

ಕಾಲುಹಾದಿಯನ್ನು ಹಾಳು ಮಾಡುವುದು ಕಾಲು ಅಂತ ಜನ ಅಂದುಕೊಂಡಿದ್ದಾರೆ. ಕಾಲು ಮಣ್ಣನ್ನು ಸಡಿಲ ಮಾಡುತ್ತದೆ, ನಿಜ. ಹೊತ್ತುಕೊಂಡು ಹೋಗುವುದು ಮಾತ್ರ ನೀರು. ಗುಡ್ಡದ ನೆತ್ತಿಯ ಮೇಲೆ ಒಂದು ಬಕೆಟ್ ನೀರು ಸುರಿದರೆ ಅದು ಹಿಡಿಯುವ ಗೆರೆ ಒಂದಿದೆಯಲ್ಲ, ಅತ್ಯಂತ ಕಡಿದಾದ ಗೆರೆ, ಅವಸರದ ಮನುಷ್ಯನೂ ತುದಿ ಮುಟ್ಟಲು ಅದನ್ನೇ ಹಿಡಿಯುತ್ತಾನೆ. ಇಬ್ಬರಿಗೂ ಒಂದೇ ದಾರಿಯಾದರೆ ಗೆಲ್ಲುವುದು ನೀರೇ. ಮೊದಲು ಒಂದು ಗೀರು ಬೀಳುತ್ತದೆ. ಎರಡು ಮಳೆಗಾಲ ಕಳೆದರೆ ಕೊರಕಲು. ಬೇರು ಎದ್ದು ಕಾಣುತ್ತದೆ, ಮಣ್ಣು ಹೋಗಿ ಉರುಳುವ ಕಲ್ಲು ಉಳಿಯುತ್ತದೆ. ನಡೆಯುವವರು ಪಕ್ಕಕ್ಕೆ ಸರಿಯುತ್ತಾರೆ, ಅಲ್ಲಿ ಹುಲ್ಲು ಸಾಯುತ್ತದೆ, ಅಲ್ಲೂ ಗೀರು. ಹೀಗೆ ಅರ್ಧ ಮೀಟರ್ ಅಗಲದ ಹಾದಿ ಹತ್ತು ಮೀಟರ್ ಅಗಲದ ಗಾಯವಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನಿಗೂಡಿದರೆ ಹಳ್ಳ ಅನ್ನುವ ಗಾದೆಯನ್ನು ನಾವು ಒಳ್ಳೆಯ ಅರ್ಥದಲ್ಲೇ ಹೇಳುತ್ತೇವೆ. ಹಾದಿ ಕಡಿಯುವವರಿಗೆ ಅದು ಹೆದರಿಕೆಯ ಮಾತು.

ಹಾಗಾಗಿ ಹಾದಿ ಗುಡ್ಡವನ್ನು ನೆಟ್ಟಗೆ ಹತ್ತದೆ ಅದರ ಮೈಗೆ ಅಡ್ಡಡ್ಡವಾಗಿ ಏರಬೇಕು. ಎಷ್ಟು ಅಡ್ಡ? ಇದಕ್ಕೆ ಕೆಲಸಗಾರರು ಇಟ್ಟುಕೊಂಡಿರುವ ಲೆಕ್ಕವನ್ನು ಅರ್ಧದ ನಿಯಮ ಅನ್ನುತ್ತಾರೆ. ಗುಡ್ಡದ ಮೈ ನೂರು ಮೀಟರಿಗೆ 20 ಮೀಟರ್ ಇಳಿಯುವಂತಿದ್ದರೆ ಅದರ ಮೇಲಿನ ಹಾದಿ ನೂರು ಮೀಟರಿಗೆ 10 ಮೀಟರಿಗಿಂತ ಹೆಚ್ಚು ಏರಬಾರದು. ಅರ್ಧ ದಾಟಿತೋ, ಮೇಲಿನಿಂದ ಬಂದ ನೀರಿಗೆ ಹಾದಿಯನ್ನು ದಾಟಿ ಕೆಳಗಿಳಿಯುವುದಕ್ಕಿಂತ ಹಾದಿಯ ಉದ್ದಕ್ಕೇ ಹರಿಯುವುದು ಸಲೀಸಾಗುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಈ ಲೆಕ್ಕದಲ್ಲಿ ಸಪಾಟು ನೆಲವೇ ಎಲ್ಲಕ್ಕಿಂತ ಕಷ್ಟ. ಗುಡ್ಡವೇ ನೂರಕ್ಕೆ ನಾಲ್ಕು ಇಳಿಯುತ್ತಿದ್ದರೆ ನಿಮ್ಮ ಹಾದಿಗೆ ಸಿಗುವುದು ಎರಡೇ. ಹೊಸಬರು ಸಪಾಟು ಜಾಗ ಕಂಡ ತಕ್ಷಣ ಖುಷಿಪಡುತ್ತಾರೆ, ಹಳಬರ ಮುಖ ಬಾಡುತ್ತದೆ. ಹಾಗಂತ ಕಡಿದಾದ ಗುಡ್ಡ ಸಿಕ್ಕಿತು ಅಂತ ಎಷ್ಟು ಬೇಕಾದರೂ ಏರಿಸುವ ಹಾಗೂ ಇಲ್ಲ. ಒಟ್ಟು ಹಾದಿಯ ಸರಾಸರಿ ಏರು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದರೆ ಮಣ್ಣು ನಿಲ್ಲುತ್ತದೆ.

ಇನ್ನು ಹಾದಿಯ ಮೈ. ಅದು ಹೊರ ಅಂಚಿನ ಕಡೆಗೆ ತುಸುವೇ ವಾಲಿರಬೇಕು. ಒಂದು ಮೀಟರ್ ಅಗಲದ ಹಾದಿಗೆ ಹೊರ ಅಂಚು ಐದು ಸೆಂಟಿಮೀಟರಿನಷ್ಟು ತಗ್ಗು. ಚೆಂಡು ಇಟ್ಟರೆ ನಿಧಾನವಾಗಿ ಹೊರಗೆ ಉರುಳಬೇಕು, ಕಾಲಿಗೆ ಮಾತ್ರ ಗೊತ್ತಾಗಬಾರದು. ಜೊತೆಗೆ, ಹಾದಿ ಏರುತ್ತಾ ಹೋಗುವಾಗ ಅಲ್ಲಲ್ಲಿ ನಾಲ್ಕಾರು ಹೆಜ್ಜೆ ಇಳಿಸಿ ಮತ್ತೆ ಏರಿಸುತ್ತಾರೆ. ಆ ತಗ್ಗಿನಲ್ಲಿ ನೀರು ಹಾದಿ ಬಿಟ್ಟು ಹೊರಗೆ ಬೀಳುತ್ತದೆ. "ಹತ್ತಿಸುತ್ತಿದ್ದೀರಾ ಇಳಿಸುತ್ತಿದ್ದೀರಾ, ತೀರ್ಮಾನ ಮಾಡಿ" ಅಂತ ಚಾರಣಿಗರು ಗೊಣಗುವುದು ಇಂಥ ಕಡೆಯೇ. ನೀವೂ ಗೊಣಗಿರುತ್ತೀರಿ. ಮುಂದಿನ ಸಲ ಆ ತಗ್ಗಿನ ಹೊರ ಅಂಚನ್ನು ಬಗ್ಗಿ ನೋಡಿ, ಎಲೆ ಕಡ್ಡಿ ಕೊಚ್ಚಿಕೊಂಡು ಹೋದ ಗುರುತು ಇರುತ್ತದೆ.

ಇದೆಲ್ಲ ಮೊದಲೇ ಗೊತ್ತಿದ್ದ ವಿದ್ಯೆ ಅಂದುಕೊಳ್ಳಬೇಡಿ. ಅಮೆರಿಕದ ಅಪಲಾಚಿಯನ್ ಟ್ರೇಲ್ ಹೆಸರು ಕೇಳಿರುತ್ತೀರಿ. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ ಹಾಯುವ ಸುಮಾರು 3,500 ಕಿಲೋಮೀಟರಿನ ಕಾಲುಹಾದಿ. 1921ರಲ್ಲಿ ಬೆಂಟನ್ ಮೆಕಾಯ್ ಎಂಬ ಅರಣ್ಯ ತಜ್ಞ ಇಂಥದ್ದೊಂದು ಹಾದಿ ಬೇಕು ಅಂತ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಲೇಖನ ಬರೆದ. ಕನಸು ಆತನದು. ಅದನ್ನು ನೆಲಕ್ಕೆ ಇಳಿಸಿದ್ದು ಮೈರನ್ ಏವರಿ ಎಂಬ ವಕೀಲ. ವಾರದ ದಿನ ಕಚೇರಿ, ರಜೆ ಬಂದರೆ ಕಾಡು. ಸೈಕಲ್ ಗಾಲಿಯಂಥ ಅಳತೆ ಗಾಲಿಯೊಂದನ್ನು ತಳ್ಳಿಕೊಂಡು ಹಾದಿಯುದ್ದಕ್ಕೂ ನಡೆದು, ಯಾವ ತಿರುವಿನಿಂದ ಯಾವ ತೊರೆಗೆ ಎಷ್ಟು ದೂರ ಅಂತ ಬರೆದಿಟ್ಟ. ಊರೂರಿನ ಕ್ಲಬ್ಬುಗಳನ್ನು ಕಟ್ಟಿದ, ಇದ್ದವುಗಳನ್ನು ಒಟ್ಟಿಗೆ ತಂದ. 1937ರಲ್ಲಿ ಹಾದಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸೇರಿತು. ಅಷ್ಟರಲ್ಲಿ ಕನಸು ಕಂಡವನಿಗೂ ಕೆಲಸ ಮಾಡಿಸಿದವನಿಗೂ ಮಾತು ಮುರಿದಿತ್ತು, ಅದು ಬೇರೆ ಕತೆ.

ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಮರುವರ್ಷವೇ, 1938ರ ಸೆಪ್ಟೆಂಬರಿನಲ್ಲಿ, ದೊಡ್ಡ ಚಂಡಮಾರುತ ಬಂದು ನ್ಯೂ ಇಂಗ್ಲೆಂಡ್ ಭಾಗದ ಹಾದಿಯ ಮೇಲೆ ಮರ ಕೆಡವಿತು. ಇನ್ನೊಂದು ಕಡೆ ಹೊಸ ಮೋಟಾರು ರಸ್ತೆ ಹಾದಿಯನ್ನು ನುಂಗಿತು. ಹಿಂದೆಯೇ ಯುದ್ಧ ಬಂತು, ಕೆಲಸ ಮಾಡುವ ಕೈಗಳೇ ಇಲ್ಲವಾದವು. ಮುಗಿಯಿತು ಅಂದ ಹಾದಿ ಮತ್ತೆ ತುಂಡು ತುಂಡಾಯಿತು, ಯುದ್ಧ ಮುಗಿದ ಮೇಲೆ ಮತ್ತೆ ಜೋಡಿಸಬೇಕಾಯಿತು. ಅದೂ ಅಲ್ಲದೆ ಆ ಮೊದಲ ತಲೆಮಾರಿನವರು ಅವಸರದಲ್ಲಿ ಎಷ್ಟೋ ಕಡೆ ನೆಟ್ಟಗೆ ಹತ್ತಿಸಿಬಿಟ್ಟಿದ್ದರು. ಅಂಥ ತುಂಡುಗಳನ್ನು ಆಮೇಲಿನವರು ಗುಡ್ಡದ ಮೈಗೆ ಸರಿಸುತ್ತಾ ಬಂದರು, ಈಗಲೂ ಸರಿಸುತ್ತಿದ್ದಾರೆ. ಇವತ್ತು ಅಲ್ಲಿ ನಡೆಯುವವರು 1937ರ ಹಾದಿಯ ಮೇಲೆ ನಡೆಯುತ್ತಿದ್ದೇವೆ ಅಂದುಕೊಂಡರೂ ಅದರ ಬಹುಪಾಲು ಜಾಗ ಬದಲಿಸಿದೆ, ಇಲ್ಲವೇ ಹೊಸದಾಗಿ ಕಟ್ಟಿದ್ದಾಗಿದೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಹಳೆಯ ಹಾದಿ ಕೊರೆಯುತ್ತಿದ್ದರೆ, ಅದನ್ನು ಸರಿಸುವ ಅವಕಾಶ ಇಲ್ಲದಿದ್ದರೆ, ಅಡ್ಡಕ್ಕೆ ಒಂದು ದಿಮ್ಮಿಯನ್ನೋ ಕಲ್ಲಿನ ಸಾಲನ್ನೋ ಹೂತು ನೀರನ್ನು ಪಕ್ಕಕ್ಕೆ ತಿರುಗಿಸುತ್ತಾರೆ. ಎರಡನೇ ವರ್ಷ ನನಗೆ ಒಂದನ್ನು ಹೂಳುವ ಕೆಲಸ ಸಿಕ್ಕಿತು. ಒಳ್ಳೆಯ ದಿಮ್ಮಿ, ಸಿಪ್ಪೆ ಕೆತ್ತಿ ನಯ ಮಾಡಿದ್ದೆ. ಬಾಗಿಲಿಗೆ ಹೊಸಿಲು ಕೂರಿಸಿದ ಹಾಗೆ ನೆಟ್ಟಗೆ ಅಡ್ಡ ಕೂರಿಸಿದೆ. ನೋಡಿದವರೆಲ್ಲ ಹೊಗಳಿದರು. ಮಳೆಗಾಲ ಮುಗಿದ ಮೇಲೆ ಹೋಗಿ ನೋಡುತ್ತೇನೆ, ದಿಮ್ಮಿಯ ಹಿಂದೆ ಮಟ್ಟಸವಾಗಿ ಹೂಳು ತುಂಬಿದೆ, ನೀರು ದಿಮ್ಮಿಯ ತುದಿಯನ್ನು ಬಳಸಿ ಹೊಸ ಕೊರಕಲು ತೋಡಿಕೊಂಡು ಕೆಳಗೆ ಹೋಗಿದೆ. ನೆಟ್ಟಗೆ ಇಟ್ಟ ತಡೆಗೆ ನೀರು ಬಂದು ಗುದ್ದುತ್ತದೆ, ನಿಲ್ಲುತ್ತದೆ, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಓರೆಯಾಗಿ, ನಲವತ್ತೈದು ಡಿಗ್ರಿಯ ಹತ್ತಿರ ಇಟ್ಟಿದ್ದರೆ ಜಾರಿಕೊಂಡು ಹೊರಗೆ ಹೋಗುತ್ತಿತ್ತು, ಮಣ್ಣನ್ನೂ ಒಯ್ಯುತ್ತಿತ್ತು. ನೀರನ್ನು ತಡೆಯಲು ಹೋಗಿದ್ದೆ ನಾನು. ಅದಕ್ಕೆ ಬೇಕಿದ್ದದ್ದು ದಾರಿ.

ಓರೆಯಾಗಿ ಇಟ್ಟಿದ್ದರೂ ವರ್ಷಕ್ಕೊಮ್ಮೆಯಾದರೂ ಯಾರೋ ಹೋಗಿ ಅದರ ಹಿಂದಿನ ಹೂಳು ಕೆರೆಯಲೇಬೇಕು. ನಾನು ಇವತ್ತು ಹೇಳಬೇಕು ಅಂತ ಬಂದದ್ದು ಇದನ್ನೇ. ಚೆನ್ನಾಗಿ ಕಡಿದ ಹಾದಿಯೂ ಕಾಲ ಕಳೆದ ಹಾಗೆ ನಡುವೆ ಕುಸಿದು ಬೋಗುಣಿಯಂತಾಗುತ್ತದೆ. ಮೇಲಿನ ಮಣ್ಣು, ತುಳಿತಕ್ಕೆ ಸಿಕ್ಕ ಮಣ್ಣು ಎಲ್ಲ ಹೊರ ಅಂಚಿಗೆ ಸರಿದು ಸಣ್ಣ ಬದು ಕಟ್ಟಿಕೊಳ್ಳುತ್ತದೆ. ಅಂಗೈ ಎತ್ತರದ ಬದು ಸಾಕು, ಹೊರಗೆ ಬೀಳಬೇಕಾದ ನೀರು ಒಳಗೇ ಸಿಕ್ಕಿಹಾಕಿಕೊಂಡು ಹಾದಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಗುದ್ದಲಿ ತೆಗೆದುಕೊಂಡು ಹೋಗಿ ಆ ಬದು ಕೆದರಿ ಕೆಳಗೆ ಚೆಲ್ಲುವುದು, ಚರಂಡಿಯ ಎಲೆ ಬಾಚುವುದು, ಇದು ಹತ್ತು ನಿಮಿಷದ ಕೆಲಸ. ಮಾಡದೆ ಬಿಟ್ಟರೆ ಮೂರು ವರ್ಷದ ಮೇಲೆ ಹತ್ತು ಜನರ ವಾರದ ಕೆಲಸ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲಿ ಫಿಕ್ಸ್ ದ ಫೆಲ್ಸ್ ಅಂತ ಒಂದು ಬಳಗ ಇದೆ. ಮಳೆ ಬಹಳ, ನಡೆಯುವವರೂ ಬಹಳ. ಕಡಿದಾದ ಕಡೆಗಳಲ್ಲಿ ಅವರು ಕಲ್ಲು ಹಾಸಿ ಹಾದಿ ಕಟ್ಟುತ್ತಾರೆ, ಕಲ್ಲನ್ನು ಚೀಲದಲ್ಲಿ ತುಂಬಿ ಹೆಲಿಕಾಪ್ಟರಿನಲ್ಲಿ ಮೇಲಕ್ಕೆ ಒಯ್ಯುತ್ತಾರೆ. ಜೌಗು ನೆಲದಲ್ಲಿ ಹಾದಿ ಹೂತುಹೋಗದಿರಲಿ ಅಂತ ಕೆಳಗೆ ಕುರಿಯ ಉಣ್ಣೆ ಹಾಸಿದ್ದೂ ಉಂಟು. ಅದನ್ನೆಲ್ಲ ಕೇಳಿದರೆ ಕಣ್ಣರಳುತ್ತದೆ. ಆದರೆ ಅಲ್ಲಿನ ಸ್ವಯಂಸೇವಕರ ಬಹುದೊಡ್ಡ ಕೆಲಸ ಚರಂಡಿ ಸುತ್ತು. ಇಬ್ಬರು ಮೂವರು ಸಲಿಕೆ ಹಿಡಿದು ಬೆಟ್ಟ ಹತ್ತುವುದು, ದಾರಿಯಲ್ಲಿ ಸಿಕ್ಕ ಪ್ರತಿ ಚರಂಡಿಯ ಕಲ್ಲು, ಮಣ್ಣು ತೆಗೆಯುವುದು, ಸಡಿಲ ಜಲ್ಲಿ ಗುಡಿಸುವುದು, ಇಳಿಯುವುದು. ಆ ಕೆಲಸದ ಫೋಟೊ ಯಾರೂ ನೋಡಲು ಕೇಳುವುದಿಲ್ಲ.

ನಮ್ಮಲ್ಲಿ ಆರಂಭಶೂರತ್ವ ಅನ್ನುವ ಒಳ್ಳೆಯ ಮಾತಿದೆ. ಹೊಸ ಹಾದಿ ಕಡಿಯೋಣ ಅಂದರೆ ಐವತ್ತು ಜನ ಬರುತ್ತಾರೆ, ಟಿ-ಶರ್ಟ್ ಹಂಚಿದರೆ ಅರವತ್ತು. ಎರಡು ವರ್ಷ ಬಿಟ್ಟು ಅದೇ ಹಾದಿಯ ಚರಂಡಿ ಕೆರೆಯೋಣ ಅಂದರೆ ಅದೇ ನಾಲ್ಕು ಮುಖಗಳು. ಇದರಿಂದ ಗೆಳೆಯರ ಜೊತೆ ಜಗಳವಾಡಿಕೊಂಡಿದ್ದೇನೆ. ಮುಂದಿನ ಹತ್ತು ವರ್ಷ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಹೆಸರು ಸಮೇತ ಬರೆದಿಡುವ ತನಕ ಒಂದು ಮೀಟರ್ ಹೊಸ ಹಾದಿಯೂ ಬೇಡ ಅನ್ನುವುದು ನನ್ನ ಪಟ್ಟು. ಅತಿಯಾಯಿತು ಅನ್ನುವವರಿದ್ದಾರೆ, ಇರಲಿ. ಅಪಲಾಚಿಯನ್ ಹಾದಿ ಉಳಿದಿರುವುದು ಈ ಬಗೆಯ ಹಂಚಿಕೆಯಿಂದಲೇ. ಮೂವತ್ತರಷ್ಟು ಕ್ಲಬ್ಬುಗಳು ಒಂದೊಂದು ಭಾಗ ಹೊತ್ತಿವೆ, ಕ್ಲಬ್ಬಿನೊಳಗೆ ಒಬ್ಬೊಬ್ಬರಿಗೆ ಕೆಲವು ಕಿಲೋಮೀಟರ್. ಆ ತುಂಡು ಅವರದು. ಯಾವ ಮರ ಯಾವಾಗ ಬೀಳಬಹುದು ಅಂತ ಅವರಿಗೆ ಗೊತ್ತಿರುತ್ತದೆ.

ಆ ತುಂಡಿನಲ್ಲಿ ಇಡೀ ವರ್ಷ ಮಾಡುವ ಕೆಲಸ ಏನು? ಸುಮಾರು 1.2 ಮೀಟರ್ ಅಗಲ, 2.4 ಮೀಟರ್ ಎತ್ತರ ಪೊದೆ, ಕೊಂಬೆ ಇಲ್ಲದಂತೆ ನೋಡಿಕೊಳ್ಳುವುದು. ಬೆನ್ನ ಮೇಲೆ ದೊಡ್ಡ ಚೀಲ ಹೊತ್ತವರು ಮಳೆಯಲ್ಲಿ ಒದ್ದೆ ಎಲೆ ಸವರಿಕೊಳ್ಳದೆ ದಾಟುವಷ್ಟು. ಕೊಂಬೆಯನ್ನು ಅರ್ಧಕ್ಕೆ ಕಡಿದು ಮೊಂಡು ಬಿಡಬಾರದು, ಕಾಂಡದ ಹತ್ತಿರ ಉಬ್ಬು ಕಾಣುತ್ತದಲ್ಲ, ಅದಕ್ಕೆ ತಾಗದಂತೆ ಅದರ ಹೊರಗೆ ಕತ್ತರಿಸಬೇಕು. ಕಡಿದ ಕೊಂಬೆಯನ್ನು ಇಳಿಜಾರಿನ ಕಡೆ ದೂರ ಎಳೆದು ಹಾಕಬೇಕು, ಕಡಿದ ತುದಿ ಹಾದಿಗೆ ಕಾಣದಂತೆ. ಇದು ಬರೀ ಚೆಂದಕ್ಕಲ್ಲ. ಹಾದಿಯಂಚಿನಲ್ಲೇ ಪೇರಿಸಿದ ಕೊಂಬೆಗಳೂ ನೀರಿಗೆ ಬದುವೇ!

ಗುರುತು ಬಳಿಯುವುದೂ ಅದೇ ಜನ. ಅಪಲಾಚಿಯನ್ ಹಾದಿಯಲ್ಲಿ ಮರದ ಮೇಲೆ ಎರಡು ಇಂಚು ಅಗಲ, ಆರು ಇಂಚು ಎತ್ತರದ ಬಿಳಿ ಪಟ್ಟಿ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ ಅಂತ. ಜೆಕ್ ದೇಶದಲ್ಲಿ ಮೂರು ಅಡ್ಡಪಟ್ಟಿ, ಮೇಲೂ ಕೆಳಗೂ ಬಿಳಿ, ನಡುವೆ ಕೆಂಪು, ನೀಲಿ, ಹಸಿರು ಇಲ್ಲವೇ ಹಳದಿ. ಅಲ್ಲಿನ ಪ್ರವಾಸಿಗರ ಕ್ಲಬ್ಬು ಹುಟ್ಟಿದ್ದು 1888ರಲ್ಲಿ, ಮರುವರ್ಷವೇ ಗುರುತು ಬಳಿಯಲು ಶುರು. ಈಗಲೂ ಬಣ್ಣದ ಡಬ್ಬಿ ಹಿಡಿದು ತಿರುಗುವವರು ಸ್ವಯಂಸೇವಕರೇ. ಹೊಸಬರ ಕೈಗೆ ಕುಂಚ ಕೊಟ್ಟರೆ ಮರಮರಕ್ಕೂ ಬಳಿಯುತ್ತಾರೆ, ಮುಂದಿನದು ಸಲೀಸಾಗಿ ಕಣ್ಣಿಗೆ ಬಿದ್ದರೆ ಸಾಕು. ವಾಪಸು ಬರುವವರಿಗೂ ಕಾಣಬೇಕು ಅನ್ನುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಉತ್ಸಾಹಿಗಳಿಗೆ ಕಹಿಯಾಗುವ ಒಂದು ಮಾತು. ಸರ್ಕಾರಿ ಜಾಗ ಅಂದರೆ ಎಲ್ಲರದು, ಅಂದರೆ ನಿಮ್ಮೊಬ್ಬರದಲ್ಲ. ಅನುಮತಿ ಇಲ್ಲದೆ ಒಂದು ಕಲ್ಲು ಸರಿಸುವುದೂ ತಪ್ಪು. ನೀವು ಬರೀ ಪೊದೆ ಅಂದುಕೊಂಡದ್ದು ಅಪರೂಪದ ಗಿಡ ಇರಬಹುದು, ಕಲ್ಲುರಾಶಿ ಅಂದುಕೊಂಡದ್ದು ಹಳೆಯ ಸಮಾಧಿ ಇರಬಹುದು. ಎಲ್ಲಿ ಹಾದಿ ಹೋಗಬೇಕು ಅನ್ನುವುದನ್ನು ಸಸ್ಯ, ಪ್ರಾಣಿ, ಇತಿಹಾಸ ಬಲ್ಲವರು ನಡೆದು ನೋಡಿ ಒಪ್ಪಬೇಕು. ಅದಕ್ಕೆ ಒಂದೆರಡು ವರ್ಷ ಹಿಡಿದರೆ ಹಿಡಿಯಲಿ. ಒಪ್ಪಿಗೆ ಇಲ್ಲದೆ ಕಡಿದ ಹಾದಿ ಎಷ್ಟೇ ಚೆನ್ನಾಗಿರಲಿ, ಅದನ್ನು ಮುಚ್ಚುವ ಕೆಲಸವೂ ಕೊನೆಗೆ ಸ್ವಯಂಸೇವಕರ ತಲೆಗೇ ಬರುತ್ತದೆ. ಮುಚ್ಚುವುದು ಕಡಿಯುವುದಕ್ಕಿಂತ ಕಷ್ಟ, ಮಾಡಿ ನೋಡಿದ್ದೇನೆ.

ಇನ್ನು ಪ್ರಶ್ನೆಗಳಿಗೆ ಬರುತ್ತೇನೆ.

ಹಿಂದಿನ ಸಾಲಿನವರು ಕೇಳಿದರು: ತೆರಿಗೆ ಕಟ್ಟುತ್ತೇವೆ, ಇದು ಇಲಾಖೆಯ ಕೆಲಸ, ನಾವು ಬಿಟ್ಟಿ ದುಡಿದರೆ ಅವರು ಕೈಕಟ್ಟಿ ಕೂರುವುದಿಲ್ಲವೇ?

ನ್ಯಾಯವಾದ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಸ್ವಯಂಸೇವಕರು ಬಿಟ್ಟಿ ಅನ್ನುವುದು ಮೊದಲನೆಯದಾಗಿ ಸುಳ್ಳು. ಉಪಕರಣ, ತರಬೇತಿ, ವಿಮೆ, ಜನರನ್ನು ಸೇರಿಸಿ ಕೆಲಸ ಹಂಚುವ ಒಬ್ಬ ಸಂಬಳದ ಮನುಷ್ಯ, ಇಷ್ಟಕ್ಕೂ ದುಡ್ಡು ಬೇಕು. ಆ ಒಬ್ಬನ ಹುದ್ದೆ ಖಾಲಿ ಬಿಟ್ಟರೆ ನೂರು ಜನ ಸ್ವಯಂಸೇವಕರಿದ್ದೂ ಇಲ್ಲದ ಹಾಗೆ. ಅಮೆರಿಕದಲ್ಲಿ 1970ರಲ್ಲಿ ರಾಷ್ಟ್ರೀಯ ಉದ್ಯಾನಗಳಿಗೆ, 1972ರಲ್ಲಿ ರಾಷ್ಟ್ರೀಯ ಅರಣ್ಯಗಳಿಗೆ ಸ್ವಯಂಸೇವಕರ ಕಾನೂನು ಬಂತು. ಪತ್ರಕ್ಕೆ ಸಹಿ ಹಾಕಿ ಕೆಲಸಕ್ಕಿಳಿದವರಿಗೆ ಗಾಯವಾದರೆ ಸರ್ಕಾರಿ ನೌಕರರಿಗೆ ಸಿಗುವಂಥ ಪರಿಹಾರ ಸಿಗುತ್ತದೆ. ಸ್ವಿಟ್ಜರ್ಲೆಂಡಿನವರು ಇನ್ನೂ ಮುಂದೆ ಹೋಗಿ 1979ರಲ್ಲಿ ಕಾಲುಹಾದಿಯನ್ನು ಸಂವಿಧಾನಕ್ಕೇ ಸೇರಿಸಿದರು. ಅಲ್ಲಿ ಸುಮಾರು 65,000 ಕಿಲೋಮೀಟರ್ ಹಾದಿಯ ಹೊಣೆ ಸರ್ಕಾರದ್ದು, ಜೊತೆಗೆ ಸ್ವಯಂಸೇವಕರೂ ಇದ್ದಾರೆ. ಹಾಗಾಗಿ ದುಡಿಯಿರಿ, ದುಡಿದ ಗಂಟೆಗಳನ್ನು ತಪ್ಪದೆ ಬರೆದಿಡಿ, ಆ ಪುಸ್ತಕ ಹಿಡಿದುಕೊಂಡು ಹೋಗಿ ಅನುದಾನ ಕೇಳಿ. ನಾನು ಹಾಗೆ ಮಾಡುತ್ತೇನೆ.

ಇನ್ನೊಬ್ಬರ ಪ್ರಶ್ನೆ: ಕೆಲಸಕ್ಕೆ ಬರಲಾಗದವರು ಏನು ಮಾಡಬಹುದು?

ಕೆಸರು ಬಂದರೆ ಬಳಸಿ ಹೋಗಬೇಡಿ, ನಡುವೆಯೇ ಕಾಲಿಡಿ. ಬೂಟು ತೊಳೆದರೆ ಹೋಗುತ್ತದೆ, ಹಾದಿ ಅಗಲವಾದರೆ ಮತ್ತೆ ಕಿರಿದಾಗುವುದಿಲ್ಲ. ತಿರುವುಗಳಲ್ಲಿ ಅಡ್ಡ ಇಳಿಯಬೇಡಿ, ನೀವು ಇಳಿದ ಗೆರೆಯಲ್ಲೇ ನೀರೂ ಇಳಿಯುತ್ತದೆ. ಅಮೆರಿಕದ ವರ್ಮಾಂಟ್‌ನಲ್ಲಿ ಲಾಂಗ್ ಟ್ರೇಲ್ ಅಂತ ಇದೆ, 1910ರಲ್ಲಿ ಶುರುವಾಗಿ 1930ರಲ್ಲಿ ಮುಗಿದದ್ದು. ಹಿಮ ಕರಗಿ ನೆಲ ಮೆತ್ತಗಿರುವ ವಸಂತದ ವಾರಗಳಲ್ಲಿ ದಯವಿಟ್ಟು ಬರಬೇಡಿ ಅಂತ ಅದನ್ನು ನೋಡಿಕೊಳ್ಳುವ ಕ್ಲಬ್ಬಿನವರೇ ಕೇಳಿಕೊಳ್ಳುತ್ತಾರೆ. ಮನೆಯಲ್ಲಿ ಕೂರುವುದೂ ಸೇವೆಯೇ.

ಕೊನೆಯದು ಒಬ್ಬ ಹುಡುಗಿ ಕೇಳಿದ್ದು: ಮೊದಲ ದಿನ ಏನು ತರಬೇಕು, ಗರಗಸ ಕೊಡುತ್ತಾರಾ?

ಗಟ್ಟಿ ಬೂಟು, ಕೈಗವಸು, ನೀರು, ಬುತ್ತಿ. ಉಪಕರಣ ಅವರೇ ಕೊಡುತ್ತಾರಮ್ಮ. ದೊಡ್ಡ ಗರಗಸ ಮೊದಲ ದಿನ ಸಿಗುವುದಿಲ್ಲ. ಬಿದ್ದ ಮರ ಒಳಗೊಳಗೇ ಬಿಲ್ಲಿನಂತೆ ಬಿಗಿದಿರುತ್ತದೆ, ಯಾವ ಕಡೆ ಬಿಗಿ ಅಂತ ತಿಳಿಯದೆ ಕೊಯ್ದರೆ ಗರಗಸ ಕಚ್ಚಿಕೊಳ್ಳುತ್ತದೆ, ಇಲ್ಲವೇ ಮರ ಸಿಡಿದು ಹೊಡೆಯುತ್ತದೆ. ಅದಕ್ಕೆ ತರಬೇತಿ, ಪರೀಕ್ಷೆ ಎಲ್ಲ ಇದೆ. ಅಮೆರಿಕದ ಕೆಲವು ಕಾಡುಗಳಲ್ಲಿ 1964ರ ಕಾನೂನಿನಂತೆ ಯಂತ್ರದ ಗರಗಸವೇ ನಿಷಿದ್ಧ, ಇಬ್ಬರು ಎದುರುಬದುರು ನಿಂತು ಎಳೆಯುವ ಉದ್ದ ಗರಗಸದಲ್ಲೇ ಕೊಯ್ಯುತ್ತಾರೆ. ನಿನಗೆ ಮೊದಲು ಸಿಗುವುದು ಬಹುಶಃ ಪುಲಾಸ್ಕಿ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಅಲಗು. 1910ರ ದೊಡ್ಡ ಕಾಳ್ಗಿಚ್ಚಿನಲ್ಲಿ ತನ್ನ ಜನರನ್ನು ಗಣಿಯ ಸುರಂಗಕ್ಕೆ ಹೊಗಿಸಿ ಹೆಚ್ಚಿನವರನ್ನು ಉಳಿಸಿದ ಎಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿಯ ಹೆಸರು ಅದಕ್ಕೆ. ನಡೆಯುವಾಗ ಅದನ್ನು ಹೆಗಲ ಮೇಲೆ ಹೊರಬೇಡ, ಇಳಿಜಾರಿನ ಕಡೆಯ ಕೈಯಲ್ಲಿ ತಗ್ಗಿಸಿ ಹಿಡಿ, ಜಾರಿದರೆ ಆ ಕಡೆ ಎಸೆಯಬಹುದು. ಬೀಸುವಾಗ ಸುತ್ತ ಮೂರು ಮೀಟರ್ ಯಾರೂ ಇರಬಾರದು. ಹಿಡಿಗೆ ಕಣ್ಣಿಗೆ ಹೊಡೆಯುವ ಬಣ್ಣ ಬಳಿದಿರುತ್ತಾರೆ, ಎಲೆಯ ನಡುವೆ ಕಳೆಯದಿರಲಿ ಅಂತ. ಆದರೂ ಸಂಜೆ ಎಣಿಸುವಾಗ ಯಾವಾಗಲೂ ಒಂದು ಕಡಿಮೆ ಬರುತ್ತದೆ. ಅದು ಸಿಗುವ ತನಕ ಯಾರೂ ಮನೆಗೆ ಹೊರಡುವ ಹಾಗಿಲ್ಲ, ಹಾಗಾಗಿ ಒಂದು ಟಾರ್ಚೂ ತಂದುಕೋ.